ಎಡೆಗೆ ಇಟ್ಟ ಕೊರಿಯನ್ ಪುಸ್ತಕ

ಕಲ್ಲೂರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ಮೂಕಮ್ಮನ ಹೆಸರು ಊರವರಿಗೆಲ್ಲ ಒಂದು ತಮಾಷೆಯಾಗಿತ್ತು. ಮಸರಕಲ್ಲಿನ ತವರಿನವರು ಹರಕೆ ಹೊತ್ತು ಇಟ್ಟ ಹೆಸರು ಅದು. ದೇವರು ಹರಕೆ ಮುಟ್ಟಿಸಿಕೊಂಡು ಬಾಯನ್ನು ಮಾತ್ರ ಅವಳಿಗೇ ಬಿಟ್ಟುಕೊಟ್ಟಿದ್ದ. ಬೇಳೆ ಬೇಯುವುದರೊಳಗೆ ಅವಳು ಊರ ಸುದ್ದಿಯನ್ನೆಲ್ಲ ಬೇಯಿಸಿ, ಒಗ್ಗರಣೆ ಕೊಟ್ಟು ಇಳಿಸುತ್ತಿದ್ದಳು. ತಟ್ಟೆ ಹಿಡಿದು ಸಾಲಿನಲ್ಲಿ ನಿಂತ ಒಂದೊಂದು ಮಗುವಿಗೂ ಅವಳದೇ ಒಂದು ಅಡ್ಡಹೆಸರು. ಹೆಡ್ ಮಾಸ್ತರರಿಗೂ ಒಂದಿತ್ತು. ಅದು ಅವರಿಗೂ ಗೊತ್ತಿತ್ತು.

ಈಗ ಆ ಅಡುಗೆಮನೆಯಿಂದ ಸೌಟಿನ ಸಪ್ಪಳ ಮಾತ್ರ ಬರುತ್ತದೆ. ಆಷಾಢದಲ್ಲಿ ಮಗಳು ಉಮಾದೇವಿ ಜ್ವರದಲ್ಲಿ ತೀರಿಕೊಂಡಳು. ಇದ್ದ ಒಂದೇ ಮಗಳು. ಮೂಕಮ್ಮ ಅಂದಿನಿಂದ ತನ್ನ ಹೆಸರಿಗೆ ತಕ್ಕವಳಾದಳು.

ಗಂಡ ಮೌನಪ್ಪ ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ. ಉಮಾ ಇನ್ನೂ ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಎದೆನೋವೆಂದು ಕೂತವನು ಏಳಲಿಲ್ಲ. ತಾಯಿ ಮಗಳು ಇಬ್ಬರೇ ಉಳಿದರು. ಮೂಕಮ್ಮ ಹುಟ್ಟಿನಿಂದ ಅಕ್ಷರ ಕಂಡವಳಲ್ಲ. ಎಮ್ಮೆ ಕಾಯ್ದವಳು, ಹತ್ತಿ ಬಿಡಿಸಿದವಳು. ಅವಳಿಗೆ ಅಕ್ಷರ ಕಲಿಸಿದ್ದು ಯಾವ ಮಾಸ್ತರನೂ ಅಲ್ಲ, ಒಂದನೆಯ ತರಗತಿಯ ಉಮಾ. ಶಾಲೆಯಿಂದ ಬಂದವಳೇ ಒಲೆಯ ಮುಂದೆ ಕೂರುವಳು. ತಾಯಿ ಪರಾತದಲ್ಲಿ ಜೋಳದ ಹಿಟ್ಟು ಹರಡಿಕೊಂಡಿರುವಳು. ಆ ಹಿಟ್ಟಿನ ಮೇಲೆ ಮಗಳು ಬೆರಳಿನಿಂದ ಒಂದು ಅಕ್ಷರ ಬರೆದರೆ, ಪಕ್ಕದಲ್ಲಿ ತಾಯಿ ಅದನ್ನು ತಿದ್ದಬೇಕು.

“ತಪ್ಪು! ಮತ್ತ ಬರಿ.”

“ಹಂಚು ಕಾದದಬೇ, ರೊಟ್ಟಿ ಬಡೀಲೇನು ಬ್ಯಾಡೇನು?”

“ಬರಿಯವ್ವಾ ಅಂದ್ರ ರೊಟ್ಟಿ ನೆಪ ಹೇಳ್ತಿ. ನಮ್ಮ ಟೀಚರ್ ಇದ್ದಿದ್ರ ಕಿವಿ ಹಿಂಡ್ತಿದ್ರು.”

ಮೂಕಮ್ಮ ಕೈ ಕುದುರಿದ ಮೇಲೂ ಎಷ್ಟೋ ಸಲ ಬೇಕೆಂದೇ ಅಕ್ಷರ ತಿರುಗಿಸಿ ಬರೆಯುತ್ತಿದ್ದಳು. ಆ ಪುಟ್ಟ ಬಾಯಿ ‘ತಪ್ಪು’ ಎನ್ನುವಾಗ ಮೂಗು ಅರಳುತ್ತಿತ್ತು. ಅದನ್ನು ನೋಡುವ ಆಸೆ. ಹೀಗೆ ರೊಟ್ಟಿಗೊಂದು ಅಕ್ಷರ ಕಲಿತು, ಅವಳು ಬಸ್ಸಿನ ಬೋರ್ಡು ಓದಿದಳು, ಅಂಗಡಿ ಚೀಟಿ ಓದಿದಳು, ಕಡೆಗೆ ಶಾಲೆಯಲ್ಲಿ ಅಡುಗೆಯ ಕೆಲಸಕ್ಕೆ ಸೇರುವಾಗ ಹೆಬ್ಬೆಟ್ಟು ಒತ್ತದೆ ಸಹಿ ಮಾಡಿದಳು. ಕಲಿತವರಿಗೆ ಕಲಿತದ್ದೇ ಕೋಡು. ಆ ಸಹಿ ಮಾಡಿ ಬಂದ ದಿನ ಅವಳ ನಡಿಗೆಯೇ ಬೇರೆಯಾಗಿತ್ತು.

ಉಮಾ ಬೆಳೆದು ರಾಯಚೂರಿನ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರತೊಡಗಿದಳು. ಜೊತೆಗೆ ಒಂದು ಹುಚ್ಚು ಹಿಡಿಸಿಕೊಂಡು ಬಂದಳು. ಮೊಬೈಲಿನಲ್ಲಿ ಕೊರಿಯಾ ದೇಶದ ಧಾರಾವಾಹಿಗಳು. ಉಂಡು ಪಾತ್ರೆ ಬೆಳಗಿದ ಮೇಲೆ ಅಕ್ಕಿ ಡಬ್ಬಕ್ಕೆ ಮೊಬೈಲು ಆನಿಸಿಟ್ಟು ಇಬ್ಬರೂ ಒಂದೇ ಕೌದಿಯಲ್ಲಿ ಕೂರುವರು. ಕೆಳಗೆ ಇಂಗ್ಲಿಷಿನಲ್ಲಿ ಅಕ್ಷರ ಓಡುವವು. ಉಮಾ ಅದನ್ನು ಓದಿ ಕನ್ನಡದಲ್ಲಿ ಹೇಳಬೇಕು.

“ಏನಂತಾನಬೇ ಅವ?”

“ನಿನ್ನ ಬಿಟ್ಟು ಇರಾಕ ಆಗಂಗಿಲ್ಲ ಅಂತಾನ.”

“ಅಷ್ಟುದ್ದ ಮಾತಾಡಿದ, ಇಷ್ಟ ಅಂದನೇನು?”

“ಉಳಿದದ್ದು ನಿನಗ ಹೇಳುವಂಥದ್ದಲ್ಲ, ಸುಮ್ನ ನೋಡು.”

ಮೂಕಮ್ಮ ಬಿದ್ದು ಬಿದ್ದು ನಗುವಳು. ಅವಳಿಗೆ ಹೆಚ್ಚು ಹಿಡಿಸಿದ್ದು ಒಂದು ಊಟದಂಗಡಿಯ ಮುದುಕಿಯ ಕಥೆ. ಆ ಅಂಗಡಿಗೆ ದಿನಾ ಒಬ್ಬ ಹುಡುಗ ಉಣ್ಣಲು ಬರುತ್ತಾನೆ. ಅವನು ಆಕೆಯ ಕಳೆದುಹೋದ ಮಗನೋ, ಅಲ್ಲವೋ? ಮುದುಕಿ ಮಾತು ಶುರು ಮಾಡಿದರೆ ಸಾಕು, ಅರ್ಥವಾಗುವ ಮೊದಲೇ ಮೂಕಮ್ಮನ ಕಣ್ಣಲ್ಲಿ ನೀರು. ಮನೆಯ ಗೋಡೆಯ ಮೇಲೆ ಬಾಬಾಸಾಹೇಬರ ಪಕ್ಕದಲ್ಲಿ ಬುದ್ಧನ ಪಟವಿತ್ತು. ಮುದುಕಿಯ ಅಂಗಡಿಯ ಮೂಲೆಯಲ್ಲೂ ಅಂಥದೇ ಒಂದು ಸಣ್ಣ ಮೂರ್ತಿ ಕಂಡ ದಿನ ಮೂಕಮ್ಮ, “ಅಯ್ಯ, ಇಕಿ ನಮ್ಮಾಕಿನ ಅದಾಳಬೇ” ಎಂದುಬಿಟ್ಟಿದ್ದಳು.

ಒಂದು ದಿನ ಉಮಾ, “ಯವ್ವಾ, ಇಂಗ್ಲಿಷ್ ಓದಿ ಹೇಳಿದ್ರ ಅರ್ಧ ಮಾತು ಸೋರಿಹೋಗ್ತದ. ನಾ ಆ ಭಾಷಾನ ಕಲೀತೀನಿ” ಅಂದಳು.

“ಕಲಿತು ಆ ಹುಡುಗನ್ನ ಮದುವಿ ಆಗ್ತಿಯೇನು?”

“ಆದ್ರ ನಿನಗೇನು, ಅತ್ತಿ ಆಗ್ತಿ. ರೊಟ್ಟಿ ಬಡದು ಹಾಕಿಯಂತ ಅವಗ.”

ಅದಾದ ಮೇಲೆ ಒಂದು ಮಧ್ಯಾಹ್ನ, ಮೂಕಮ್ಮ ಮಕ್ಕಳಿಗೆ ಅನ್ನ ನೀಡುವ ಹೊತ್ತಿನಲ್ಲಿ, ಮೊಬೈಲಿಗೆ ಒಂದು ಫೋಟೋ ಬಂತು. ರಾಯಚೂರಿನ ಒಂದು ಪುಸ್ತಕದಂಗಡಿ. ಯಾರದೋ ಕೈಯಲ್ಲಿ ಎರಡು ಪುಸ್ತಕ, ಒಂದು ತೆಳ್ಳಗಿನದು, ಒಂದು ದಪ್ಪನೆಯದು. ಕೆಳಗೆ ಉಮಾ ಬರೆದಿದ್ದಳು: ‘ಯಾವುದು ತಗೊಳ್ಳಲಿ, ನೀನೇ ಹೇಳು.’ ಮೂಕಮ್ಮನ ಕೈಗೆ ಸಾರು ಮೆತ್ತಿತ್ತು. ‘ಸಂಜೆಗೆ ಹೇಳುತೀನಿ’ ಎಂದು ಒಂದೇ ಬೆರಳಿನಲ್ಲಿ ಒತ್ತಿದಳು. ಸಂಜೆ ಮಗಳು ಬಸ್ಸಿಳಿದು ಬಂದಾಗ ಮೈ ಕೆಂಡವಾಗಿತ್ತು. ಪುಸ್ತಕದ ಮಾತು ಎತ್ತಲು ಆಮೇಲೆ ಹೊತ್ತೇ ಸಿಗಲಿಲ್ಲ.

ಊರಲ್ಲಿ ಯಾರಿಗೂ ಮೂಕಮ್ಮ ಮಗಳು ಸತ್ತಳೆಂದು ಹೇಳಬೇಕಾಗಲಿಲ್ಲ; ಎಲ್ಲರೂ ಮಣ್ಣಿಗೆ ಬಂದವರೇ. ಆದ್ದರಿಂದ ಆ ಮಾತು ಅವಳ ಬಾಯಿಂದ ಒಂದು ಸಲವೂ ಹೊರಬಿದ್ದಿರಲಿಲ್ಲ. ಕಾಲೇಜಿನ ಗೆಳತಿ ಯಾರೋ ಫೋನು ಮಾಡಿ, ಉಮಾ ಎಲ್ಲಿ ಎಂದಾಗಲೂ, “ಊರಾಗ ಅದಾಳವ್ವ” ಎಂದು ಇಟ್ಟುಬಿಟ್ಟಿದ್ದಳು. ಸುಳ್ಳೇನಲ್ಲ. ಹಳ್ಳದ ದಂಡೆಯಲ್ಲಿ, ಅಪ್ಪನ ಪಕ್ಕದಲ್ಲಿ, ಊರಲ್ಲೇ ಇದ್ದಳು.

ಮಹಾನವಮಿ ಅಮಾವಾಸ್ಯೆ ಹತ್ತಿರ ಬಂತು. ಆ ದಿನ ಸತ್ತವರಿಗೆ ಎಡೆ ಹಿಡಿಯುವುದು ಮನೆತನದ ಪದ್ಧತಿ. ಅವರಿಗೆ ಇಷ್ಟವಾದ ಅಡುಗೆ, ಜೊತೆಗೆ ಹೊಸ ಬಟ್ಟೆ. ಬಟ್ಟೆಯ ಮೂಲೆಗೆ ಅರಿಷಿಣ ಹಚ್ಚಿ ಇಡಬೇಕು. ಆಮೇಲೆ ಅದನ್ನು ಮನೆಯವರೇ ಯಾರಾದರೂ ಉಡಬೇಕು. ಪೆಟ್ಟಿಗೆಯಲ್ಲಿ ಮಡಚಿಟ್ಟರೆ, ಹೊರಗಿನವರಿಗೆ ಕೊಟ್ಟರೆ, ಸತ್ತವರ ಕೈಗೆ ಮುಟ್ಟುವುದಿಲ್ಲ. ಹಾಗಾಗಿ ಪ್ರತಿ ವರ್ಷ ಮೌನಪ್ಪನಿಗೆಂದು ತಂದ ಅಂಗಿ ಅವನ ತಮ್ಮ ಅಂಬರೀಶನ ಮೈಮೇಲೆ ಬರುತ್ತಿತ್ತು.

ಉಮಾ ಇದನ್ನು ಹಾಸ್ಯ ಮಾಡದೆ ಬಿಟ್ಟ ವರ್ಷವಿಲ್ಲ. “ಕಾಕಾ, ನಮ್ಮಪ್ಪ ಕನಸಿನ್ಯಾಗ ಬಂದಿದ್ದ. ಮುಂದಿನ ವರ್ಷ ಜೀನ್ಸ್ ಬೇಕಂತ.”

“ನನ್ನ ಸೈಜ್ ಹೇಳೀಯೇನಬೇ ಅವಗ?”

“ಸತ್ತೋರು ಉಣ್ಣಂಗಿಲ್ಲ, ಉಡಂಗಿಲ್ಲ. ಈ ಎಡಿ ಗಿಡಿ ಎಲ್ಲಾ ಸುಳ್ಳು” ಎಂದು ಬುದ್ಧನ ಪಟದ ಕೆಳಗೆ ನಿಂತು ಭಾಷಣ ಬೇರೆ ಮಾಡುತ್ತಿದ್ದಳು. ಈ ವರ್ಷ ಎಡೆ ಅವಳದೇ.

ಸೀರೆ ಬೇಡ ಎಂದು ಮೂಕಮ್ಮ ಮೊದಲೇ ನಿಶ್ಚಯಿಸಿದ್ದಳು. ಆ ಹುಡುಗಿ ಸೀರೆ ಉಟ್ಟವಳಲ್ಲ. ಅವಳು ಕೇಳಿದ್ದು ಒಂದೇ, ಮತ್ತು ಆ ಕೇಳಿಕೆಗೆ ತಾಯಿ ಇನ್ನೂ ಉತ್ತರ ಕೊಟ್ಟಿರಲಿಲ್ಲ. ಅಮಾವಾಸ್ಯೆಗೆ ಮುಂಚಿನ ಭಾನುವಾರ ಅವಳು ರಾಯಚೂರಿನ ಬಸ್ಸು ಹತ್ತಿದಳು. ಕಲ್ಮಲದ ಬಳಿ ಭತ್ತ ಹಾಲುಗಟ್ಟಿ ನಿಂತಿತ್ತು. ಹೋದ ವರ್ಷವೂ ಹೀಗೇ ನಿಂತಿತ್ತೇನೋ, ಈ ವರ್ಷ ಯಾಕೆ ನಿಲ್ಲಬೇಕಿತ್ತು ಅನ್ನಿಸಿತು ಅವಳಿಗೆ.

ಫೋಟೋ ತೋರಿಸುತ್ತ, ಕೇಳುತ್ತ, ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅಂಗಡಿ ಸಿಕ್ಕಿತು. ಪೊಲೀಸ್ ಪರೀಕ್ಷೆಯ ಗೈಡುಗಳ ನಡುವೆ ಮತೀನ್ ಎಂಬ ನಡುವಯಸ್ಸಿನ ಅಂಗಡಿಯವನು ಕೂತಿದ್ದ. ಫೋಟೋ ನೋಡಿ ನಕ್ಕ.

“ಅರೆ, ಇದು ನನ್ನದ ಕೈ ನೋಡ್ರೀ ಯಕ್ಕಾ! ಪುಸ್ತಕ ಹಿಡಿದು ನಿಂದರಿಸಿದ್ದಳು ಆ ಹುಡುಗಿ. ನೀವು ಆಕಿ ತಾಯೇನು? ಕುಂದರ್ರಿ. ಎರಡೂ ತೆಗೆದಿಟ್ಟೀನಿ, ಬರ್ತೀನಿ ಅಂದಾಕಿ ಪತ್ತಾ ಇಲ್ಲ. ಎಲ್ಲಿ ಅದಾಳ?”

“ಊರಾಗ ಅದಾಳ.”

ಮತೀನ್ ಎರಡೂ ಪುಸ್ತಕ ತೆಗೆದು ಧೂಳು ಜಾಡಿಸಿ ಮುಂದಿಟ್ಟ. “ಆಕಿಗೆ ಅಕ್ಷರ ಬರ್ತಾವೇನ್ರೀ, ಇಲ್ಲಾ ಹೊಸದಾಗಿ ಕಲಿಯಾಕಿನೋ?”

“ಹೊಸದಾಗಿ.”

“ಹಂಗಾರ ಈ ಸಣ್ಣದು ತೊಗೊಳ್ರಿ. ಒಂದು ಅಕ್ಷರಕ್ಕ ಒಂದು ಹಾಳಿ, ಚಿತ್ರ ಅದಾವ, ತಿದ್ದಾಕ ಜಾಗ ಅದ. ಆ ದೊಡ್ಡದು ಒಂದೀಟು ಕಲಿತವರಿಗೆ. ಹುಡುಗೀನೂ ಸಣ್ಣದರ ಮ್ಯಾಲ ಮನಸು ಮಾಡಿದ್ದಳು. ನಮ್ಮವ್ವನ ಕಣ್ಣಿಗೆ ಅಕ್ಷರ ದೊಡ್ಡವಿರಬೇಕ್ರೀ ಅಂತಿದ್ದಳು. ಓದಾಕಿ ನೀನು, ನಿಮ್ಮವ್ವನ ಕಣ್ಣು ಯಾಕ ಬಂತಬೇ ನಡುವ ಅಂತ ನಾ ನಕ್ಕೆ.”

ಮೂಕಮ್ಮ ಕೇಳಿಸಿಕೊಂಡಳೋ ಇಲ್ಲವೋ. ಅವಳು ಎರಡೂ ಪುಸ್ತಕ ಎರಡು ಕೈಯಲ್ಲಿ ಹಿಡಿದು ತೂಗುತ್ತಿದ್ದಳು. ತೆಳ್ಳಗಿನದು ಕೈಯಲ್ಲಿ ಇದ್ದಂತೆಯೇ ಇರಲಿಲ್ಲ. ಇದನ್ನು ಎಡೆಗೆ ಇಡುವುದು ಹೇಗೆ? ಸತ್ತವರಿಗೆ ಕಡಿಮೆ ಹಿಡಿಯಬಾರದು. ಮೌನಪ್ಪನಿಗೆ ಅರೆತೋಳಿನ ಅಂಗಿ ತಂದ ವರ್ಷ, ಆಗ ಬದುಕಿದ್ದ ಅತ್ತೆ ಬೈದು ಅಳಿಸಿದ್ದಳು. ಇದ್ದಾಗ ಇಲ್ಲದ್ದನ್ನು ಸತ್ತಾಗಲಾದರೂ ತುಂಬ ಕೊಡಬೇಕು. ಅವಳು ದಪ್ಪನೆಯದನ್ನು ಎದೆಗೊತ್ತಿಕೊಂಡಳು.

“ಇದ ಇರಲಿ.”

“ಯಕ್ಕಾ, ಒಮ್ಮಿಗೇ ಅದನ್ನ ಓದಾಕ ಆಗಂಗಿಲ್ರೀ ಆಕಿಗೆ.”

“ಆಕಿಗೆ ಭಾಳ ಹೊತ್ತು ಅದ ತಮ್ಮಾ, ಓದ್ತಾಳ.”

“ನಿಮ್ಮ ಮರ್ಜಿ. ಆಕಿಗೆ ಹಿಡಿಸದಿದ್ರ ಬದಲಿ ಮಾಡಿ ಕೊಡ್ತೀನಿ. ಹುಡುಗೀನ ಕಳಸ್ರಿ.”

“ಕಳಸ್ತೀನಿ” ಅಂದಳು ಮೂಕಮ್ಮ. ಓಣಿ ದಾಟುವವರೆಗೆ ಕಾಲು ನೆಲಕ್ಕೆ ತಾಗಿದ್ದು ಗೊತ್ತಾಗಲಿಲ್ಲ.

ಅಮಾವಾಸ್ಯೆಯ ದಿನ ದೇವದುರ್ಗದಿಂದ ಮೌನಪ್ಪನ ಅಕ್ಕ ಹುಲಗೆಮ್ಮ ಬಂದಳು. ಮನೆತನಕ್ಕೆ ಈಗ ಅವಳೇ ಹಿರಿಯಳು. ಎಡೆಯಲ್ಲಿ ಹೋಳಿಗೆ, ಕರಿದ ಮೆಣಸಿನಕಾಯಿ, ಉಮಾ ತಿನ್ನುತ್ತಿದ್ದ ಕುರುಕುರೆಯ ಪೊಟ್ಟಣ, ಅದರ ಪಕ್ಕ ಈ ಪುಸ್ತಕ. ಹುಲಗೆಮ್ಮ ಸೊಂಟಕ್ಕೆ ಕೈಯಿಟ್ಟಳು.

“ಮೂಕೀ, ಇದೇನಿದು? ಹುಡುಗಿಗೆ ಸೀರಿ ಹಿಡೀತಾರ, ಬಳಿ ಹಿಡೀತಾರ. ಪುಸ್ತಕ ಹಿಡಿದದ್ದು ಎಲ್ಲಿ ನೋಡೀದಿ? ಅಲ್ಲೇನು ಪರೀಕ್ಷಾ ಇಟ್ಟಾರೇನು?”

“ಇದ ಕೇಳಿದ್ಲು ಯಕ್ಕಾ.”

ಹುಲಗೆಮ್ಮ ಸೊಂಟದ ಕೈ ತೆಗೆದಳು. ಬಾಗಿ, ತಾನೇ ಅರಿಷಿಣ ಕಲಸಿ, ಪುಸ್ತಕದ ನಾಲ್ಕೂ ಮೂಲೆಗೆ ಬೆರಳಿನಿಂದ ಹಚ್ಚಿದಳು. ಕೈ ಮುಗಿದು ಎಲ್ಲರೂ ಹೊರಗೆ ನಿಂತು ಬಾಗಿಲು ಮುಂದೆ ಮಾಡಿದರು, ಅವಳು ಬಂದು ತೆಗೆದುಕೊಳ್ಳಲಿ ಎಂದು. ಒಳಗೆ ಫ್ಯಾನಿನ ಗಾಳಿಗೆ ಹಾಳೆ ಪಟಪಟ ಅಂದಿತು. ಮೂಕಮ್ಮ ಬಾಗಿಲಿಗೆ ಕಿವಿಗೊಟ್ಟು ನಿಂತಳು. ಫ್ಯಾನು ಎಂದು ಗೊತ್ತಿತ್ತು ಅವಳಿಗೆ. ಆದರೂ ನಿಂತಳು.

ಊಟವಾದ ಮೇಲೆ ಹುಲಗೆಮ್ಮ ಕೇಳಿದಳು: “ಎಡಿ ಆತು. ಇದನ್ನ ಬಳಸೋರ್ಯಾರು?”

“ಶಾಲಿಗೆ ಕೊಟ್ಟುಬಿಡು ಅತ್ತಿಗಿ” ಅಂದ ಅಂಬರೀಶ.

“ಹೊರಗ ಕೊಡಬಾರದು. ಮನ್ಯಾಗಿನೋರ ಬಳಸಬೇಕು. ಇಲ್ಲಂದ್ರ ಕೂಸಿನ ಕೈಗೆ ಮುಟ್ಟಂಗಿಲ್ಲ.”

“ನಾ ಮೂರನೇತ್ತ ಫೇಲು. ನನಗ ಕೊಟ್ರ ತಲಿದಿಂಬು ಮಾಡ್ಕೋತೀನಿ ಅಷ್ಟ” ಎಂದ ಅಂಬರೀಶ. ಯಾರೂ ನಗಲಿಲ್ಲ. ಹಿಂದಿನಿಂದ ‘ಕಾಕಾ’ ಎಂದು ತಿರುಗೇಟು ಕೊಡುವವಳಿಲ್ಲದ್ದು ಅವನಿಗೆ ಆಗ ಹೊಳೆಯಿತೇನೋ, ಹೆಗಲ ಮೇಲಿನ ಟವೆಲ್ಲಿನಲ್ಲಿ ಮುಖ ಒರೆಸುತ್ತ ಎದ್ದು ಹೋದ.

ಹುಲಗೆಮ್ಮ ಊರಿಗೆ ಹೋದಳು. ಪುಸ್ತಕ ಅಕ್ಕಿ ಡಬ್ಬದ ಮೇಲೆ ಉಳಿಯಿತು. ಮುಟ್ಟಂಗಿಲ್ಲ ಎಂಬ ಮಾತು ಮುಳ್ಳಿನಂತೆ ಮುರಿದು ಒಳಗೇ ಕೂತಿತ್ತು. ಒಂದು ಸಂಜೆ ಮೂಕಮ್ಮ ಕನ್ನಡಕ ಹಾಕಿಕೊಂಡು ಪುಸ್ತಕ ಬಿಡಿಸಿದಳು. ಸಾಸಿವೆ ಚೆಲ್ಲಿದಂತೆ ಅಕ್ಷರ. ಯಾವುದು ಇಂಗ್ಲಿಷು, ಯಾವುದು ಕೊರಿಯನ್ನು, ಅದೂ ತಿಳಿಯಲಿಲ್ಲ. ದೂರ ಹಿಡಿದಳು, ಹತ್ತಿರ ತಂದಳು, ಬಾಗಿಲ ಬೆಳಕಿಗೆ ಹೋಗಿ ನಿಂತಳು. ಆಗ ಮತೀನನ ಮಾತು, ಅಂದು ಕಿವಿಗೆ ಬಿದ್ದು ಎಲ್ಲೋ ಉಳಿದಿದ್ದು, ಎದ್ದು ಬಂತು. ನಮ್ಮವ್ವನ ಕಣ್ಣಿಗೆ ಅಕ್ಷರ ದೊಡ್ಡವಿರಬೇಕು.

ಹುಡುಗಿ ತನಗೊಬ್ಬಳಿಗೇ ಪುಸ್ತಕ ಹುಡುಕಿರಲಿಲ್ಲ. ಮತ್ತೊಮ್ಮೆ ಪರಾತದ ಮುಂದೆ ತಾಯಿಯನ್ನು ಕೂರಿಸುವ ಯೋಚನೆ ಅವಳದಾಗಿತ್ತು. ತಾಯಿ ಅದನ್ನು ತೂಕಕ್ಕೆ ಹಾಕಿ, ಭಾರವಾದದ್ದನ್ನು ಆರಿಸಿ, ಅರಿಷಿಣ ಹಚ್ಚಿ ಕೂತಿದ್ದಳು. ಮೂಕಮ್ಮ ಹೊಸ್ತಿಲ ಮೇಲೇ ಕೂತು ಅತ್ತಳು. ಮಣ್ಣಿನ ದಿನ ಅತ್ತದ್ದು ಹತ್ತು ಜನರ ನಡುವಿನ ಅಳು. ಇದು ಹಾಗಿರಲಿಲ್ಲ.

ಮರುದಿನ ಶಾಲೆಗೆ ರಜೆ ಹೇಳಿ ರಾಯಚೂರಿಗೆ ಹೋದಳು. ಮತೀನ್ ದೂರದಿಂದಲೇ ಗುರುತು ಹಿಡಿದ. ಅವಳ ಬೆನ್ನ ಹಿಂದೆ ಕತ್ತು ಚಾಚಿ ನೋಡಿದ.

“ಬರ್ರಿ ಯಕ್ಕಾ. ಹುಡುಗಿ ಬರಲಿಲ್ಲೇನು? ನಾ ಹೇಳಿದ್ದೆ ನೋಡ್ರಿ, ದೊಡ್ಡದು ಆಗಂಗಿಲ್ಲ ಅಂತ.” ಪುಸ್ತಕ ಕೈಗೆ ತೆಗೆದುಕೊಂಡು ಮೂಲೆ ನೋಡಿದ. “ಅರೆರೆ, ಸಾರು ಚೆಲ್ಲಿಕೊಂಡಾಳೇನ್ರೀ? ನಾಕೂ ಕಡೆ ಹಳದಿ ಆಗ್ಯಾದ. ಹಿಂಗಾದ್ರ ಬದಲಿ ಹೆಂಗ ಕೊಡ್ಲಿ? ಬರಲಿ ಆಕಿ, ಕಿವಿ ಹಿಂಡ್ತೀನಿ.”

“ಸಾರಲ್ಲ ತಮ್ಮಾ. ಅರಿಷಿಣ.” ಮೂಕಮ್ಮ ಮೇಜಿನ ಅಂಚು ಹಿಡಿದುಕೊಂಡಳು. ಅಲ್ಲಿಯವರೆಗೆ ನಾಲಗೆಯ ಮೇಲೆ ಬಾರದಿದ್ದ ಮಾತು ಅದು. ಈಗ ಬಂತು. “ನನ್ನ ಮಗಳು ಸತ್ತಾಳ. ಇದು ಆಕಿ ಎಡಿಗೆ ಇಟ್ಟಿದ್ದು.”

ಮತೀನನ ಕೈಯಲ್ಲಿದ್ದ ಪುಸ್ತಕ ಹಾಗೇ ನಿಂತಿತು. ಗೈಡು ಕೇಳಲು ಬಂದ ಯಾರನ್ನೋ ಕೈಸನ್ನೆಯಲ್ಲೇ ಆಮೇಲೆ ಬಾ ಎಂದು ಕಳಿಸಿದ. ಪುಸ್ತಕವನ್ನು ಎರಡೂ ಕೈಯಿಂದ ಮೇಜಿನ ಮೇಲೆ ಮೆಲ್ಲಗೆ ಇಟ್ಟ. ತುಟಿಯಲ್ಲೇ ಏನೋ ಪ್ರಾರ್ಥಿಸಿದ.

“ಅವತ್ತ ಹೇಳಬಾರದಿತ್ತೇನ್ರೀ ಯಕ್ಕಾ? ನಾ ಏನೇನೋ ಅಂದೆ.”

“ಹೇಳಿದ್ರ ನೀ ಆಕಿ ಬಗ್ಗೆ ಹಂಗ ನಕ್ಕೋತ ಮಾತಾಡ್ತಿದ್ದಿಲ್ಲ. ಊರಾಗ ಯಾರೂ ಈಗ ಆಕಿನ್ನ ನೆನಸಿ ನಗಂಗಿಲ್ಲ.”

ಮತೀನ್ ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡ.

“ಇದನ್ನ ವಾಪಸ್ ತೊಗೋತೀನ್ರೀ, ಅರಿಷಿಣ ಇದ್ರೂ ಚಿಂತಿಲ್ಲ.”

“ಇದನ್ನ ಕೊಡಾಕ ಬಂದಿಲ್ಲ. ಇದು ಆಕಿದು. ಆದ್ರ ಇದನ್ನ ಮನ್ಯಾಗ ಬಳಸಬೇಕಪಾ, ಬಳಸಾಕ ನಾ ಒಬ್ಬಾಕಿನ ಉಳಿದೀನಿ. ಆ ಸಣ್ಣದು ಅದ ಏನು? ಅದು ನನಗ ಬೇಕು.”

ಮತೀನ್ ತೆಳ್ಳಗಿನ ಪುಸ್ತಕ ತಂದ. ಒಂದೊಂದು ಹಾಳೆಗೂ ಅಂಗೈಯಗಲದ ಅಕ್ಷರ. ಅದರ ಉಚ್ಚಾರ ಇಂಗ್ಲಿಷಿನಲ್ಲಿತ್ತು. ಅವನು ಪೆನ್ನು ತೆಗೆದು, ಇಂಗ್ಲಿಷು ಓದಿ ಓದಿ, ಮೊದಲ ಕೆಲವು ಹಾಳೆಗಳಲ್ಲಿ ಕನ್ನಡದಲ್ಲಿ ಬರೆದುಕೊಟ್ಟ. “ನನಗೂ ಈ ಭಾಷಾ ಬರಂಗಿಲ್ರೀ. ತಪ್ಪಿದ್ರೂ ಇರಬಹುದು” ಅಂದ.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಮೂಕಮ್ಮ ಒಲೆ ಹೊತ್ತಿಸಿ ಹಂಚು ಇಟ್ಟಳು. ಅಕ್ಕಿ ಡಬ್ಬಕ್ಕೆ ಮೊಬೈಲು ಆನಿಸಿ ಧಾರಾವಾಹಿ ಹಚ್ಚಿದಳು. ಅಂದು ನಿಂತಲ್ಲಿಂದಲೇ ಅದು ಶುರುವಾಯಿತು. ಊಟದಂಗಡಿಯ ಮುದುಕಿ ಆ ಹುಡುಗನ ಮುಂದೆ ಬಟ್ಟಲಿಟ್ಟು ಉದ್ದಕ್ಕೆ ಏನೋ ಹೇಳುತ್ತಿದ್ದಳು. ಹುಡುಗ ತಲೆ ತಗ್ಗಿಸಿದ್ದ. ನೀನೇ ನನ್ನ ಮಗ ಎಂದಳೋ, ನೀನಲ್ಲ ಎಂದಳೋ. ಮೂಕಮ್ಮ ಅದನ್ನು ಅಲ್ಲೇ ನಿಲ್ಲಿಸಿದಳು.

ಪರಾತದಲ್ಲಿ ಹಿಟ್ಟು ಹರಡಿ, ಸಣ್ಣ ಪುಸ್ತಕವನ್ನು ದೊಡ್ಡದರ ಮೇಲೆ ತೆರೆದಿಟ್ಟುಕೊಂಡಳು. ಮೊದಲ ಅಕ್ಷರ ಸುಲಭದ್ದೇ ಇತ್ತು, ಬಾಗಿಲ ಚೌಕಟ್ಟಿನ ಮೇಲಿನ ಮೂಲೆಯಂತೆ. ಬೆರಳಿನಿಂದ ಬರೆದಳು. ಸರಿಯಾಗಿಯೇ ಬಂತು. ಅದನ್ನು ಅಂಗೈಯಿಂದ ಸವರಿ ಅಳಿಸಿ, ಬೇಕೆಂದೇ ತಲೆಕೆಳಗಾಗಿ ಬರೆದಳು. ಬರೆದು, ಬೆರಳು ಹಿಟ್ಟಿನಲ್ಲೇ ಇಟ್ಟು, ಎದುರಿಗಿನ ಖಾಲಿ ಜಾಗದ ಕಡೆ ನೋಡುತ್ತ ಕೂತಳು.

ಹಂಚು ಕಾದು ಹೊಗೆಯಾಡತೊಡಗಿತು. ಮೂಕಮ್ಮ ಆ ಅಕ್ಷರದ ಮೇಲೆಯೇ ನೀರು ಸುರಿದು ಹಿಟ್ಟು ನಾದಿದಳು. ಒಬ್ಬಳಿಗೆ ಆಗುವಷ್ಟು ರೊಟ್ಟಿ ಬಡಿದಳು.